‘ಏನೂ ಇಲ್ಲ’ ಎಂಬ ವರದಿ

ತಪಾಸಣೆಯ ವರದಿಯಲ್ಲಿ ಎಲ್ಲವೂ ಸರಿಯಾಗಿದೆ ಎಂದು ಬರೆದಿದ್ದರೆ ಮನುಷ್ಯ ಸಂತೋಷಪಡಬೇಕು. ದಾವಣಗೆರೆಯ ಸ್ಕ್ಯಾನಿಂಗ್ ಕೇಂದ್ರವೊಂದರ ಹೊರಗಿನ ಬೆಂಚಿನ ಮೇಲೆ ಕುಳಿತು, ಲಕೋಟೆ ಬಿಚ್ಚಿ, ಕೊನೆಯ ಸಾಲನ್ನು ಮೊದಲು ಓದಿದ ನನಗೆ ಆ ದಿನ ಆದದ್ದು ನಿರಾಸೆ. ಮೆದುಳು ಸರಿಯಾಗಿತ್ತು. ಬೆನ್ನುಹುರಿ ವಯಸ್ಸಿಗೆ ತಕ್ಕಂತಿತ್ತು. ಅದಕ್ಕೂ ಮೊದಲು ಮಾಡಿಸಿದ್ದ ನರಗಳ ಪರೀಕ್ಷೆಯಲ್ಲೂ ದೋಷವಿರಲಿಲ್ಲ. ಪಕ್ಕದಲ್ಲಿದ್ದ ಹೆಂಡತಿ ‘ಸದ್ಯ, ದೇವರು ದೊಡ್ಡವನು’ ಎಂದು ಕೈಮುಗಿದಳು. ನಾನು ಎಡಗಾಲನ್ನು ನೆಲಕ್ಕೆ ಒತ್ತಿ ನೋಡಿಕೊಂಡೆ. ಅಂಗಾಲಿನ ಕೆಳಗೆ ಹತ್ತಿಯ ಹಾಸು ಇದ್ದಂತೆ ಎಂದಿನ ಹಾಗೆಯೇ ಇತ್ತು. ಯಂತ್ರಕ್ಕೆ ಕಾಣದಿದ್ದದ್ದು ನನ್ನ ಬಳಿ ಹಾಗೆಯೇ ಉಳಿದಿತ್ತು. ಅದನ್ನು ಆ ಸಮಾಧಾನದ ಹೊತ್ತಿನಲ್ಲಿ ಅವಳಿಗೆ ಹೇಗೆ ಹೇಳುವುದೆಂದು ತಿಳಿಯಲಿಲ್ಲ. ಇಬ್ಬರೂ ಬೆಣ್ಣೆ ದೋಸೆ ತಿಂದು ಸಂಜೆಯ ಬಸ್ಸಿಗೆ ಊರಿಗೆ ಮರಳಿದೆವು.

ನಮ್ಮೂರು ತ್ಯಾವಣಿಗೆ. ಚನ್ನಗಿರಿ ತಾಲ್ಲೂಕಿನ, ಭದ್ರಾ ನಾಲೆಯ ನೀರನ್ನು ನಂಬಿದ ಸೀಮೆ. ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದ ಮೇಲೆ ಪಿತ್ರಾರ್ಜಿತವಾದ ಒಂದಿಷ್ಟು ಗದ್ದೆಯ ಕಡೆ ಗಮನ ಕೊಟ್ಟಿದ್ದೆ. ಐದು ವರ್ಷಗಳ ಹಿಂದೆ ನಾಟಿಯ ದಿನಗಳಲ್ಲಿ ಒಂದು ಬೆಳಿಗ್ಗೆ ಬದುವಿನ ಮೇಲೆ ನಡೆಯುತ್ತಿದ್ದಾಗ ಹಿಂದೆ ಬರುತ್ತಿದ್ದ ಆಳು, ‘ಮೇಷ್ಟ್ರೇ, ನಿಮ್ ಚಪ್ಪಲಿ ಇಲ್ಲೇ ಐತಿ ನೋಡ್ರಿ’ ಎಂದು ಕೂಗಿದ. ಎಡಗಾಲಿನ ಚಪ್ಪಲಿ ಕೆಸರಿನಲ್ಲಿ ಸಿಕ್ಕಿ ಹಿಂದೆ ಉಳಿದಿತ್ತು. ನಾನು ನಾಲ್ಕು ಮಾರು ಮುಂದೆ ಬಂದಿದ್ದೆ. ಬರಿಗಾಲು ಮಣ್ಣು ತುಳಿಯುತ್ತಿರುವುದು ನನಗೆ ಗೊತ್ತೇ ಆಗಿರಲಿಲ್ಲ. ಆ ದಿನ ಇಬ್ಬರೂ ನಕ್ಕೆವು. ಆಮೇಲೆ ಜೋಮು ಬಂತು. ಕೆಲವು ತಿಂಗಳ ನಂತರ ಮೀನಖಂಡ ತನ್ನಷ್ಟಕ್ಕೆ ಅದುರತೊಡಗಿತು. ರಾತ್ರಿ ದೀಪ ಹೋದರೆ ನಿಂತಲ್ಲೇ ವಾಲುವಂತಾಯಿತು. ಬಲಗೈ ಆಗೊಮ್ಮೆ ಈಗೊಮ್ಮೆ ಲೋಟವನ್ನು ಬಿಟ್ಟುಬಿಡುತ್ತದೆ. ಇದಾವುದೂ ದಿನವೂ ಇರುವುದಿಲ್ಲ. ವೈದ್ಯರ ಮುಂದೆ ಕುಳಿತ ದಿನವಂತೂ ಹೆಚ್ಚುಕಮ್ಮಿ ಇರುವುದೇ ಇಲ್ಲ.

ಈ ಐದು ವರ್ಷಗಳಲ್ಲಿ ನಾನು ಕಂಡ ವೈದ್ಯರು ಒಂಬತ್ತು ಮಂದಿ. ಊರಿನ ದವಾಖಾನೆಯಲ್ಲಿ ಬಿ-ಕಾಂಪ್ಲೆಕ್ಸ್ ಚುಚ್ಚುಮದ್ದು, ಮೂಳೆ ತಜ್ಞರಲ್ಲಿ ಸೊಂಟಪಟ್ಟಿ, ಶಿವಮೊಗ್ಗದಲ್ಲಿ ಮತ್ತೊಂದು ಸ್ಕ್ಯಾನ್, ಕರಾವಳಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ ರಕ್ತದ ಹದಿನೇಳು ಪರೀಕ್ಷೆ, ಬೆಂಗಳೂರಿನ ಇನ್ನೊಂದರಲ್ಲಿ ಅದೇ ಹದಿನೇಳು ಮತ್ತೊಮ್ಮೆ. ಪ್ರತಿ ಕಡೆಯೂ ಕಥೆ ಮೊದಲಿನಿಂದ ಶುರು. ಬಟ್ಟೆ ಅಂಗಡಿಯ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಫಿಲ್ಮುಗಳನ್ನು ಹೊತ್ತುಕೊಂಡು ಹೋಗುತ್ತೇನೆ. ಅದನ್ನು ಪೂರ್ತಿ ಬಿಚ್ಚಿ ನೋಡಿದವರು ಇಬ್ಬರೇ. ಉಳಿದವರಿಗೆ ಸಮಯವಿರಲಿಲ್ಲ. ಹೊರಗೆ ಕಾಯುತ್ತಿದ್ದವರ ಸಾಲು ನೋಡಿದ್ದರಿಂದ ಅದಕ್ಕಾಗಿ ಅವರನ್ನು ದೂರಲಾರೆ. ಆದರೆ ಬೀಳ್ಕೊಡುವಾಗ ಹೆಚ್ಚಿನವರು ಹೇಳಿದ ಮಾತು ಒಂದೇ: ‘ನಿಮಗೆ ಏನೂ ಇಲ್ಲ.’ ಒಬ್ಬರು ಮಾತ್ರ ಬೇರೆ ಮಾತು ಹೇಳಿದರು. ಆ ವಿಷಯಕ್ಕೆ ಕೊನೆಗೆ ಬರುತ್ತೇನೆ.

ಕಾಯಿಲೆಗೆ ಹೆಸರಿಲ್ಲದಿದ್ದರೆ ಊರೇ ಹೆಸರು ಕೊಡುತ್ತದೆ. ‘ಟೆನ್ಷನ್ ಮಾಡ್ಕೋಬೇಡ್ರಿ’ ಎಂಬುದು ಮೊದಲನೆಯದು. ನಿವೃತ್ತನಿಗೆ ಟೆನ್ಷನ್ ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ. ಎರಡನೆಯದು ನರದೌರ್ಬಲ್ಯ. ಈ ಪದವನ್ನು ನಾನು ಬಸ್ ನಿಲ್ದಾಣಗಳ ಗೋಡೆಗಳ ಮೇಲೆ ಬಾಲ್ಯದಿಂದ ಓದುತ್ತ ಬಂದಿದ್ದೇನೆ. ಆ ಗೋಡೆಯ ವೈದ್ಯರು ಅದರಿಂದ ಏನನ್ನು ಸೂಚಿಸುತ್ತಾರೆಂಬುದು ಎಲ್ಲರಿಗೂ ಗೊತ್ತಿರುವುದರಿಂದ, ನರದ ತೊಂದರೆಯಿರುವ ಸಭ್ಯ ಗೃಹಸ್ಥ ಅದನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳುವಂತಿಲ್ಲ! ಮೂರನೆಯದು ಗಾಳಿ. ನಮ್ಮ ಜಿಲ್ಲೆಯಲ್ಲಿ ಅದಕ್ಕೆ ಉಕ್ಕಡಗಾತ್ರಿಯಿದೆ. ತುಂಗಭದ್ರೆಯ ದಡದ ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆಗೆ ಅಮಾವಾಸ್ಯೆಯಂದು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಹೆಂಡತಿಯ ಒತ್ತಾಯಕ್ಕೆ ನಾನೂ ಹೋದೆ. ತಲೆಗೂದಲು ಬಿಟ್ಟುಕೊಂಡು ತೂಗುತ್ತಿದ್ದ ಹೆಣ್ಣುಮಕ್ಕಳನ್ನು, ಅವರನ್ನು ಹಿಡಿದುಕೊಂಡು ಕುಳಿತಿದ್ದ ತಾಯಂದಿರನ್ನು ನೋಡಿ ಬಂದೆ. ಅಲ್ಲಿ ನನಗೆ ಗುಣವಾಗಲಿಲ್ಲ. ಆದರೆ ‘ನಿನಗೆ ಏನೂ ಇಲ್ಲ, ಮನೆಗೆ ಹೋಗು’ ಎಂದು ಅಲ್ಲಿ ಯಾರೂ ಹೇಳಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ವಿಜ್ಞಾನ ಬಲ್ಲವರು ಮೂಢನಂಬಿಕೆಯನ್ನು ಖಂಡಿಸುವಾಗ ಈ ಒಂದು ವ್ಯತ್ಯಾಸವನ್ನು ಮರೆಯುತ್ತಾರೆ.

ನನ್ನ ತಕರಾರು ಇರುವುದು ಈ ‘ಏನೂ ಇಲ್ಲ’ ಎಂಬ ಮಾತಿನ ಬಗ್ಗೆ. ‘ಏನೆಂದು ಗೊತ್ತಾಗಿಲ್ಲ’ ಎಂಬುದು ವೈದ್ಯರ ತಿಳಿವಳಿಕೆಯ ಬಗೆಗಿನ ಹೇಳಿಕೆ. ‘ಏನೂ ಇಲ್ಲ’ ಎಂಬುದು ರೋಗಿಯ ದೇಹದ ಬಗೆಗಿನ ಹೇಳಿಕೆ. ಮೊದಲನೆಯದನ್ನು ಹೇಳಬೇಕಾದ ಕಡೆಯಲ್ಲೆಲ್ಲ ಎರಡನೆಯದನ್ನು ಹೇಳುವ ರೂಢಿ ನಮ್ಮಲ್ಲಿ ಬೆಳೆದುಬಿಟ್ಟಿದೆ. ಗಣಿತದ ತರಗತಿಯಲ್ಲಿ ಉತ್ತರ ಬಾರದ ಹುಡುಗ ‘ಲೆಕ್ಕವೇ ಇಲ್ಲ’ ಎಂದು ಬರೆದರೆ ನಾನು ಅಂಕ ಕೊಡುತ್ತಿರಲಿಲ್ಲ.

ಪರೀಕ್ಷೆ ಸರಿಯಿದ್ದ ಮೇಲೆ ತೊಂದರೆ ಹೇಗಿದ್ದೀತು ಎಂದು ಓದುಗರು ಕೇಳಬಹುದು. ಭದ್ರಾ ಅಚ್ಚುಕಟ್ಟಿನವರಿಗೆ ಇದನ್ನು ವಿವರಿಸುವುದು ಸುಲಭ. ಅಣೆಕಟ್ಟೆಯಿಂದ ಇಂತಿಷ್ಟು ಕ್ಯೂಸೆಕ್ ನೀರು ಬಿಟ್ಟಿದ್ದೇವೆಂದು ಅಧಿಕಾರಿಗಳ ದಾಖಲೆ ಹೇಳುತ್ತಿರುತ್ತದೆ. ಅದು ಸುಳ್ಳೂ ಆಗಿರುವುದಿಲ್ಲ. ಆದರೆ ಕೊನೆಭಾಗದ ರೈತನ ಗದ್ದೆ ಬಿರುಕು ಬಿಟ್ಟಿರುತ್ತದೆ. ನಾಲೆಯ ಚಿತ್ರ ತೆಗೆದರೆ ನಾಲೆ ಒಡೆದಿಲ್ಲವೆಂದು ಗೊತ್ತಾಗುತ್ತದೆಯೇ ಹೊರತು ನೀರು ಎಲ್ಲಿಯವರೆಗೆ ತಲುಪಿತೆಂಬುದು ಗೊತ್ತಾಗುವುದಿಲ್ಲ. ಎಂಆರ್‌ಐ ಬಹುಮಟ್ಟಿಗೆ ಇಂತಹ ಚಿತ್ರ. ನರಗಳಲ್ಲಿ ವಿದ್ಯುತ್ ಹರಿಸಿ ಅಳೆಯುವ ಸಾಮಾನ್ಯ ಪರೀಕ್ಷೆ ದಪ್ಪ ನರತಂತುಗಳನ್ನು ಮಾತ್ರ ನೋಡುತ್ತದೆ. ಉರಿ, ಬಿಸಿ, ಚುಚ್ಚುವಿಕೆಯನ್ನು ಒಯ್ಯುವ ಸಣ್ಣ ತಂತುಗಳ ದೋಷ ಅದರಲ್ಲಿ ಕಾಣದು. ಮೂರ್ಛೆ ರೋಗವಿರುವವರ ಇಇಜಿ ಕೂಡ ಎರಡು ಸೆಳವುಗಳ ನಡುವಿನ ದಿನ ಸರಿಯಾಗಿಯೇ ಇರಬಹುದು. ಇದೆಲ್ಲ ನರತಜ್ಞರಿಗೆ ಚೆನ್ನಾಗಿ ಗೊತ್ತಿರುವ ಸಂಗತಿಯೇ. ರೋಗಿಗೆ ಹೇಳುವವರು ಕಡಿಮೆ.

ನಮ್ಮ ಚನ್ನಗಿರಿ 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವವರೆಗೆ ಶಿವಮೊಗ್ಗಕ್ಕೆ ಸೇರಿತ್ತು. ಆ ಹಳೆಯ ಜಿಲ್ಲೆಯ ಚರಿತ್ರೆಯಲ್ಲಿ ಹೆಸರಿಲ್ಲದ ಎರಡು ಕಾಯಿಲೆಗಳ ಕಥೆಗಳಿವೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸತ್ತು ಬಿದ್ದವು. ಜನರಿಗೆ ಜ್ವರ, ತಡೆಯಲಾಗದ ತಲೆನೋವು, ಕೆಲವರಿಗೆ ಜ್ವರ ಬಿಟ್ಟು ಮತ್ತೆ ಬಂದಾಗ ನಡುಕ ಮತ್ತು ಬುದ್ಧಿಭ್ರಮೆ. ಹಳದಿ ಜ್ವರವೇನೋ ಎಂಬ ಆತಂಕ ಹೊರಜಗತ್ತಿಗೂ ಇದ್ದುದರಿಂದ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಧಾವಿಸಿ ಬಂದರು. ಅದೇ ವರ್ಷ ವೈರಾಣು ಸಿಕ್ಕಿತು. ಮಂಗನ ಕಾಯಿಲೆ ಇಂದಿಗೂ ಜೀವ ತೆಗೆಯುತ್ತಿದೆ, ನಿಜ. ಆದರೆ ಅದಕ್ಕೊಂದು ಹೆಸರಿದೆ, ಪರೀಕ್ಷೆಯಿದೆ, ಸರ್ಕಾರದ ಕಡತದಲ್ಲಿ ಜಾಗವಿದೆ. ಇನ್ನೊಂದು ಕಥೆ ಸಾಗರದ ಬಳಿಯ ಹಂದಿಗೋಡಿನದು. 1970ರ ದಶಕದ ಮಧ್ಯದಲ್ಲಿ ಅಲ್ಲಿನ ಬಡ ದಲಿತ ಕುಟುಂಬಗಳಲ್ಲಿ ಸೊಂಟ, ಮಂಡಿ ಹಿಡಿದುಕೊಂಡು ಜನ ತೆವಳುವಂತಾದದ್ದು ಬೆಳಕಿಗೆ ಬಂತು. ಅದು ನರರೋಗವಲ್ಲ, ಕೀಲುಮೂಳೆಗಳದು. ಗದ್ದೆಯ ಏಡಿ ತಿಂದದ್ದಕ್ಕೆ ಎಂದರು, ಕೀಟನಾಶಕದ್ದು ಎಂದರು, ರಕ್ತಸಂಬಂಧದ ಮದುವೆಯದು ಎಂದರು. ವಂಶಪಾರಂಪರ್ಯವಾಗಿ ಬರುವ ಮೂಳೆ ಬೆಳವಣಿಗೆಯ ದೋಷವೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರು ಖಚಿತವಾಗಿ ಹೇಳುವ ಹೊತ್ತಿಗೆ 1990ರ ದಶಕ ಬಂದಿತ್ತು. ಕೊನೆಗೂ ಆ ರೋಗಕ್ಕೆ ಜನರ ಬಾಯಲ್ಲಿ ಉಳಿದದ್ದು ಊರಿನ ಹೆಸರೇ. ಹೊರಗಿನವರಿಗೂ ಹರಡೀತೆಂಬ ಭಯವಿದ್ದ ರೋಗಕ್ಕೆ ತಿಂಗಳುಗಳಲ್ಲಿ ಉತ್ತರ ಸಿಕ್ಕಿತು. ಆ ಕೇರಿಯನ್ನು ದಾಟದ ರೋಗ ವರ್ಷಗಟ್ಟಲೆ ಕಾಯಿತು.

ಯಂತ್ರಗಳಿಲ್ಲದೆಯೂ ಉತ್ತರ ಸಿಕ್ಕ ಉದಾಹರಣೆ ನಮ್ಮಲ್ಲೇ ಇದೆ. ದಕ್ಷಿಣ ಕರ್ನಾಟಕದಲ್ಲಿ ಕೆಲವು ಮಕ್ಕಳು, ಯುವಕರು ಬಚ್ಚಲಮನೆಯಲ್ಲಿ ಇದ್ದಕ್ಕಿದ್ದಂತೆ ಕಣ್ಣು ಮೇಲೆ ಮಾಡಿ ಬೀಳುತ್ತಿದ್ದರು. ಬೇರೆ ಹೊತ್ತಿನಲ್ಲಿ ಅವರಿಗೆ ಏನೂ ಆಗುತ್ತಿರಲಿಲ್ಲ. ಬೆಂಗಳೂರಿನ ನರತಜ್ಞ ಡಾ. ಕೆ.ಎಸ್. ಮಣಿ ಅವರು ಇದನ್ನು ಗಮನಿಸಿ ಬರೆದರು. ನಂತರ ನಿಮ್ಹಾನ್ಸ್‌ನ ಡಾ. ಪಿ. ಸತೀಶ್‌ಚಂದ್ರ ಮತ್ತು ಸಂಗಡಿಗರು 1988ರಲ್ಲಿ ಇಂತಹ 279 ರೋಗಿಗಳ ವಿವರ ಪ್ರಕಟಿಸಿದರು. ಹಂಡೆಯ ಬಿಸಿನೀರನ್ನು ಚೊಂಬಿನಿಂದ ತಲೆಯ ಮೇಲೆ ಒಂದೇ ಸಮನೆ ಸುರಿದುಕೊಳ್ಳುವ ನಮ್ಮ ಸ್ನಾನದ ಪದ್ಧತಿಯೇ ಸೆಳವಿಗೆ ಪ್ರಚೋದನೆಯಾಗಿತ್ತು. ಬಿಸಿನೀರಿನ ಮೂರ್ಛೆ ಎಂದು ಈಗ ಜಗತ್ತಿನ ವೈದ್ಯಗ್ರಂಥಗಳಲ್ಲಿ ಅದಕ್ಕೆ ಜಾಗವಿದೆ. ಉಗುರು ಬೆಚ್ಚಗಿನ ನೀರು, ಬೇಕಿದ್ದವರಿಗೆ ಮಾತ್ರೆ. ಬಹಳ ಜನಕ್ಕೆ ಅಷ್ಟು ಸಾಕಾಯಿತು. ‘ನೀವು ಸ್ನಾನ ಹೇಗೆ ಮಾಡುತ್ತೀರಿ?’ ಎಂದು ಯಾರೋ ಒಬ್ಬರು ಮೊದಲ ಸಲ ಕೇಳಿದ್ದರಿಂದ ಆದ ಕೆಲಸ ಇದು.

ನಮ್ಮ ಜಿಲ್ಲೆಯ ಜಗಳೂರಿನವರನ್ನು ‘ಯಾವ ನೀರು ಕುಡಿಯುತ್ತೀರಿ?’ ಎಂದು ಕೇಳಬೇಕಾಗುತ್ತದೆ. ಅಲ್ಲಿನ ಕೊಳವೆಬಾವಿಗಳ ಫ್ಲೋರೈಡ್ ಬಗ್ಗೆ ಪತ್ರಿಕೆಗಳು ಬರೆದು ಬರೆದು ಸೋತಿವೆ. ಕುಡಿಯುವ ನೀರಿನಲ್ಲಿ ಲೀಟರಿಗೆ ಒಂದೂವರೆ ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇರಬಾರದೆಂಬುದು ಭಾರತೀಯ ಮಾನಕ. ಹಲ್ಲಿನ ಕಲೆಯನ್ನು ಎಲ್ಲರೂ ಬಲ್ಲರು. ದಶಕಗಳ ಕಾಲ ಅದೇ ನೀರು ಕುಡಿದರೆ ಬೆನ್ನೆಲುಬಿನ ಮೂಳೆ ಬೆಳೆದು ಬೆನ್ನುಹುರಿಯನ್ನು ಅದುಮಿ ಕಾಲುಗಳು ಬಿಗಿದು ಸೋಲುತ್ತವೆ ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಹಾಗೆಯೇ, ಹಾಲು ಮೊಸರೂ ಕಡಿಮೆಯಾದ ಸಸ್ಯಾಹಾರಿಗಳಲ್ಲಿ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಳ್ಳುವವರಲ್ಲಿ ಬಿ12 ಜೀವಸತ್ವ ಕುಸಿದು ಕಾಲು ಜೋಮು ಹಿಡಿಯುವುದು, ಕತ್ತಲಲ್ಲಿ ತೂರಾಡುವುದು ಉಂಟು. ಬೇಗ ಗೊತ್ತಾದರೆ ಸರಿಹೋಗುತ್ತದೆ, ತಡವಾದರೆ ಪೂರ್ತಿ ಹೋಗದು. ನನ್ನ ರಕ್ತದಲ್ಲಿ ಬಿ12 ಸರಿಯಾಗಿಯೇ ಇತ್ತು. ಆದರೆ ಅದನ್ನು ಪರೀಕ್ಷಿಸಲು ಹೇಳಿದ್ದು ನಾಲ್ಕನೆಯ ವೈದ್ಯರು. ಮೊದಲ ಸ್ಕ್ಯಾನ್‌ಗೆ ಹಣ ಕಟ್ಟಿದ ಮೇಲೆ.

ಹೆಸರು ಸಿಕ್ಕರೆ ಏನು ಮಹಾ, ಔಷಧವೇ ಇಲ್ಲದಿದ್ದರೆ? ಈ ಪ್ರಶ್ನೆಯನ್ನು ನನಗೆ ಒಬ್ಬ ಗೆಳೆಯರು ಕೇಳಿದ್ದಾರೆ. ಅವರಿಗೆ ನಾನು ನಿಮ್ಹಾನ್ಸ್‌ನ ಇನ್ನೊಂದು ಕಥೆ ಹೇಳುತ್ತೇನೆ. ಹದಿಹರೆಯ ದಾಟಿದ ಹುಡುಗರಿಗೆ ಒಂದು ಕೈಯೋ ಒಂದು ಕಾಲೋ ಸಣ್ಣಗಾಗುತ್ತ ಬರುತ್ತಿತ್ತು. ಎಲ್ಲ ಅಂಗಗಳಿಗೂ ಹರಡಿ ಜೀವ ತೆಗೆಯುವ ಚಾಲಕ ನರಕೋಶದ ರೋಗವೆಂದು ಮನೆಯವರು ಹೆದರುತ್ತಿದ್ದರು. ಮುಂದೆ ಆ ಸಂಸ್ಥೆಯ ನಿರ್ದೇಶಕರಾದ ಡಾ. ಎಂ. ಗೌರೀದೇವಿ ಅವರು ಇಂತಹ ರೋಗಿಗಳನ್ನು ಕಾದು ಗಮನಿಸಿ, ಕೆಲವು ವರ್ಷ ಮುಂದುವರಿದು ಅದು ಆ ಒಂದೇ ಅಂಗದಲ್ಲಿ ನಿಂತುಬಿಡುತ್ತದೆಂದು ತೋರಿಸಿ, 1984ರಲ್ಲಿ ಅದಕ್ಕೆ ಪ್ರತ್ಯೇಕ ಹೆಸರು ಕೊಟ್ಟರು. ಸಣ್ಣಗಾದ ಕೈಯನ್ನು ದಪ್ಪ ಮಾಡುವ ಔಷಧವಿರಲಿಲ್ಲ. ಆದರೆ ಆ ಹುಡುಗ ಬದುಕುತ್ತಾನೆ, ಓದಬಹುದು, ಕೆಲಸಕ್ಕೆ ಸೇರಬಹುದು ಎಂಬುದು ತಿಳಿಯಿತು. ನಾನು ಒಂದು ರಾತ್ರಿ ಮೊಬೈಲಿನಲ್ಲಿ ಸ್ನಾಯು ಅದುರುವಿಕೆಯ ಬಗ್ಗೆ ಹುಡುಕಿ ಅದೇ ಮಾರಕ ರೋಗದ ಪುಟಕ್ಕೆ ಬಂದು ನಿಂತಿದ್ದೆ. ಬೆಳಗಿನ ಜಾವದವರೆಗೆ ಹಜಾರದಲ್ಲಿ ಕುಳಿತಿದ್ದೆ. ಮರುದಿನ ಬ್ಯಾಂಕಿಗೆ ಹೋಗಿ ಖಾತೆಗೆ ಹೆಂಡತಿಯ ಹೆಸರು ಸೇರಿಸಿ ಬಂದೆ. ಹಾಗೆ ಮಾಡಿದ್ದು ಏಕೆಂದು ಅವಳಿಗೆ ಇಂದಿಗೂ ಹೇಳಿಲ್ಲ; ಈ ಲೇಖನ ಓದಿದರೆ ಗೊತ್ತಾದೀತು.

ಹೆಸರೇ ಹುಟ್ಟಿರದ ರೋಗಗಳೂ ಇರುತ್ತವೆ. ಕಣ್ಣು ಮಸುಕಾಗಿ, ಕಾಲು ಸೋತು, ಸರಿಹೋಗಿ, ಮತ್ತೆ ಮರುಕಳಿಸುವ ಒಂದು ರೋಗವನ್ನು ಗುರುತಿಸುವ ರಕ್ತಪರೀಕ್ಷೆ ಸಾಧ್ಯವಾದದ್ದು 2004ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಸಂಶೋಧಕರು ಅದರ ಪ್ರತಿಕಾಯವನ್ನು ಕಂಡುಹಿಡಿದ ಮೇಲೆ. ಚೆನ್ನಾಗಿದ್ದ ಯುವತಿಯರು ಇದ್ದಕ್ಕಿದ್ದಂತೆ ಅಸಂಬದ್ಧವಾಗಿ ಮಾತನಾಡಿ, ಬಾಯಿ ಸೊಟ್ಟಗೆ ಮಾಡಿ, ಸೆಳವಿಗೆ ಒಳಗಾಗುವ ಮೆದುಳಿನ ಉರಿಯೂತವೊಂದನ್ನು ಡಾ. ಜೋಸೆಪ್ ಡಾಲ್ಮೌ ಮತ್ತು ಸಂಗಡಿಗರು 2007ರಲ್ಲಿ ವಿವರಿಸಿದರು. ದೇಹದ ರಕ್ಷಣಾ ವ್ಯವಸ್ಥೆಯೇ ಮೆದುಳಿನ ಮೇಲೆ ತಿರುಗಿಬೀಳುವುದು ಅದಕ್ಕೆ ಕಾರಣ. ಹೊತ್ತಿಗೆ ಸರಿಯಾಗಿ ಚಿಕಿತ್ಸೆ ಕೊಟ್ಟರೆ ಬಹುಪಾಲು ಮಂದಿ ಚೇತರಿಸಿಕೊಳ್ಳುತ್ತಾರೆ. ಅದನ್ನು ಓದಿದಾಗ ನನಗೆ ಉಕ್ಕಡಗಾತ್ರಿಯ ಆ ತಾಯಂದಿರು ನೆನಪಾದರು. 2007ಕ್ಕಿಂತ ಮೊದಲು ಅವರು ಯಾವ ದೊಡ್ಡ ಆಸ್ಪತ್ರೆಗೆ ಹೋಗಿದ್ದರೂ ಈ ರೋಗದ ಹೆಸರನ್ನು ಹೇಳಬಲ್ಲವರು ಯಾರೂ ಇರಲಿಲ್ಲ.

ಇದರರ್ಥ, ವಿವರಿಸಲಾಗದ ಪ್ರತಿಯೊಂದು ಲಕ್ಷಣದ ಹಿಂದೆಯೂ ಅಪರೂಪದ ರೋಗ ಅಡಗಿದೆ ಎಂದಲ್ಲ. ಸ್ಕಾಟ್ಲೆಂಡ್‌ನ ನರರೋಗ ಚಿಕಿತ್ಸಾಲಯಗಳಿಗೆ ಬಂದ 3,781 ಹೊಸ ರೋಗಿಗಳನ್ನು ಅಧ್ಯಯನ ಮಾಡಿದಾಗ, ಸುಮಾರು ಶೇಕಡ 30 ಮಂದಿಯ ಲಕ್ಷಣಗಳು ಯಾವುದೇ ರೋಗದಿಂದ ಪೂರ್ತಿಯಾಗಿ ವಿವರಿಸಲಾಗದವು ಎಂದು ತಜ್ಞರು ಗುರುತಿಸಿದರು. ಅಂಥವರಲ್ಲಿ 1,030 ಮಂದಿಯನ್ನು ಒಂದೂವರೆ ವರ್ಷದ ನಂತರ ವಿಚಾರಿಸಿದರೆ, ಮೊದಲು ತಪ್ಪಿಹೋಗಿದ್ದ ರೋಗ ಹೊರಬಿದ್ದದ್ದು ಕೇವಲ ನಾಲ್ವರಲ್ಲಿ. ಡಾ. ಜಾನ್ ಸ್ಟೋನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಈ ಅಂಕಿ ನನಗೆ ನಿದ್ದೆ ತಂದುಕೊಟ್ಟಿತು. ಅಂಥವರಲ್ಲಿ ಅನೇಕರಿಗಿರುವುದು ನರವ್ಯೂಹದ ರಚನೆಯಲ್ಲಿನ ದೋಷವಲ್ಲ, ಅದು ಕೆಲಸ ಮಾಡುವ ಬಗೆಯಲ್ಲಿನ ದೋಷ. ನಾಲೆ ನೆಟ್ಟಗಿದೆ, ತೂಬು ತೆರೆಯುತ್ತಿಲ್ಲ. ಹಿಂದೆ ಇದನ್ನು ಹಿಸ್ಟೀರಿಯಾ ಎಂದು ಕರೆದು ರೋಗಿಯನ್ನು ನಟನೆ ಮಾಡುವವನಂತೆ ಕಂಡರು. ಈಗ ಅದನ್ನು ಪರೀಕ್ಷಿಸಿ ಗುರುತಿಸುವ ಕ್ರಮಗಳಿವೆ, ಫಿಸಿಯೋಥೆರಪಿಯೂ ಸೇರಿ ಚಿಕಿತ್ಸೆಯಿದೆ. ‘ಮನಸ್ಸಿಗೆ ಸಂಬಂಧಿಸಿದ್ದು’ ಎಂದು ಹೇಳಿ ಕಳುಹಿಸಿಬಿಡುವುದು ಆ ಚಿಕಿತ್ಸೆಯಲ್ಲ. ನನ್ನದೂ ಇದೇ ಇರಬಹುದು. ಇದ್ದರೆ ನಾಚಿಕೆಯಿಲ್ಲ. ಆದರೆ ಹಾಗೆಂದು ಹೇಳಲು ಒಬ್ಬ ನರತಜ್ಞ ಅರ್ಧ ಗಂಟೆ ನನ್ನ ಕೈಕಾಲು ಮುಟ್ಟಿ ನೋಡಬೇಕು. ಸ್ಕಾಟ್ಲೆಂಡಿನ ಆ ನೆಮ್ಮದಿಯ ಅಂಕಿ ಬಂದದ್ದು ಹಾಗೆ ಮುಟ್ಟಿ ನೋಡಿದ ಮೇಲೆ. ಸ್ಕ್ಯಾನಿಂಗ್ ಕೇಂದ್ರದ ಬೆಂಚಿನ ಮೇಲೆ ಲಕೋಟೆ ಒಡೆದವನಿಗೆ ಅದು ಅನ್ವಯಿಸುವುದಿಲ್ಲ.

ತಪ್ಪು ವೈದ್ಯರದೊಂದೇ ಎಂದು ಹೇಳಿದರೆ ಅನ್ಯಾಯವಾದೀತು. ‘ಗೊತ್ತಾಗಿಲ್ಲ’ ಎಂದು ಪ್ರಾಮಾಣಿಕವಾಗಿ ಹೇಳಿದ ವೈದ್ಯರ ಬಳಿ ನಾವು ಮತ್ತೆ ಹೋಗುತ್ತೇವೆಯೇ? ‘ಆ ಡಾಕ್ಟ್ರಿಗೆ ಏನೂ ಬರಲ್ಲ’ ಎಂದು ಊರೆಲ್ಲ ಹೇಳಿ, ಮೂರು ಬಣ್ಣದ ಮಾತ್ರೆ ಕೊಟ್ಟವರ ಕಡೆಗೆ ನಡೆಯುತ್ತೇವೆ. ನಾನೂ ಒಬ್ಬರನ್ನು ಹಾಗೆಯೇ ಬಿಟ್ಟೆ. ಒಂಬತ್ತು ಮಂದಿಯನ್ನು ಕಾಣುವ ಬದಲು ಒಬ್ಬರನ್ನೇ ಒಂಬತ್ತು ಸಲ ಕಂಡಿದ್ದರೆ ಏನು ಬದಲಾಗಿದೆ, ಏನು ಬದಲಾಗಿಲ್ಲ ಎಂದು ಅವರಿಗಾದರೂ ತಿಳಿಯುತ್ತಿತ್ತು. ನರರೋಗಗಳಲ್ಲಿ ಕಾಲವೂ ಒಂದು ಪರೀಕ್ಷೆ, ಅದೂ ಖರ್ಚಿಲ್ಲದ್ದು. ಊರೂರು ತಿರುಗುವ ರೋಗಿ ಅದನ್ನು ತಾನೇ ಕೈಯಾರೆ ಹಾಳುಮಾಡಿಕೊಳ್ಳುತ್ತಾನೆ.

ಆದರೆ ತಿರುಗದಿರಲು ಜಾಗವೆಲ್ಲಿದೆ? ಡಾ. ಗೌರೀದೇವಿ ಮತ್ತು ಸಂಗಡಿಗರು ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳ 1,02,557 ಮಂದಿಯನ್ನು ಸಮೀಕ್ಷೆ ಮಾಡಿ 2004ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ನರಸಂಬಂಧಿ ಕಾಯಿಲೆಗಳ ಪ್ರಮಾಣ ನಗರಕ್ಕಿಂತ ಹಳ್ಳಿಗಳಲ್ಲಿ ಹೆಚ್ಚುಕಡಿಮೆ ಇಮ್ಮಡಿ ಇತ್ತು. ನರತಜ್ಞರಿರುವುದು ಹೆಚ್ಚಾಗಿ ನಗರಗಳಲ್ಲಿ. 2022ರಲ್ಲಿ ರಾಜ್ಯ ಸರ್ಕಾರ ನಿಮ್ಹಾನ್ಸ್ ಜತೆಗೂಡಿ ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರಿನಲ್ಲಿ ಮೆದುಳಿನ ಆರೋಗ್ಯದ ಕಾರ್ಯಕ್ರಮವನ್ನು ಆರಂಭಿಸಿ ಸ್ಥಳೀಯ ವೈದ್ಯರಿಗೆ ತರಬೇತಿ ಕೊಡತೊಡಗಿದ್ದು ಸ್ವಾಗತಾರ್ಹ ಕೆಲಸ. ತಲೆನೋವು, ಮೂರ್ಛೆ, ಪಾರ್ಶ್ವವಾಯು, ಮರೆಗುಳಿತನ ಅದರ ಮುಖ್ಯ ಗುರಿಗಳು. ಹೆಸರಿರುವ ಕಾಯಿಲೆಗಳಿಂದಲೇ ಮೊದಲು ಮಾಡಬೇಕು, ಒಪ್ಪೋಣ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯ ನೆರವು ಕೂಡ ಪಟ್ಟಿಯಲ್ಲಿ ಹೆಸರಿರುವ ರೋಗಕ್ಕೆ. ಸರ್ಕಾರದ ಆರೋಗ್ಯ ವಿಮೆ ಮುಖ್ಯವಾಗಿ ಒಳರೋಗಿಯ ಚಿಕಿತ್ಸೆಗೆ. ರೋಗವೇನೆಂದು ಹುಡುಕುತ್ತ ಹೊರರೋಗಿಯಾಗಿ ಅಲೆಯುವವನ ಖರ್ಚು ಅವನ ಜೇಬಿನದೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ದೀರ್ಘಕಾಲದ ನರವ್ಯೂಹದ ತೊಂದರೆಗಳನ್ನೂ ತನ್ನ 21 ವಿಧಗಳಲ್ಲಿ ಸೇರಿಸಿಕೊಂಡಿತು. ಆದರೆ ಪ್ರಮಾಣಪತ್ರದ ನಮೂನೆಯಲ್ಲಿ ‘ಇವರ ರೋಗನಿರ್ಣಯ’ ಎಂಬ ಮಾತಿನ ಮುಂದೆ ಒಂದು ಖಾಲಿ ಗೆರೆಯಿದೆ. ಆ ಗೆರೆಯ ಮೇಲೆ ಬರೆಯಲು ಏನೂ ಇಲ್ಲದವನ ಕಾಲು ನಿಜವಾಗಿ ಎಡವಿದರೂ ಕಾಗದದಲ್ಲಿ ಎಡವುವುದಿಲ್ಲ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ನಿರ್ಣಯವಾಗದ ಕಾಯಿಲೆಗಳಿಗೆಂದೇ 2008ರಲ್ಲಿ ಒಂದು ವಿಭಾಗ ತೆರೆದರು. ಅಂಥದ್ದನ್ನು ನಾನು ಚನ್ನಗಿರಿಗೆ ಕೇಳುತ್ತಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ತಿಂಗಳಿಗೆ ಒಂದು ದಿನ, ಉತ್ತರ ಸಿಗದ ರೋಗಿಗಳ ಕಡತಗಳನ್ನು ಮುಂದಿಟ್ಟುಕೊಂಡು ಅಲ್ಲಿನ ವೈದ್ಯರು ನಿಮ್ಹಾನ್ಸ್‌ನವರೊಂದಿಗೆ ದೂರಸಂಪರ್ಕದಲ್ಲಿ ಮಾತನಾಡಲಿ. ದೊಡ್ಡ ಆಸ್ಪತ್ರೆಯಿಂದ ಮರಳಿ ಬರುವ ರೋಗಿಯ ಕೈಯಲ್ಲಿ, ಯಾವ ರೋಗ ಅಲ್ಲವೆಂದು ತಿಳಿದಿದೆ, ಯಾವುದು ಇನ್ನೂ ತಿಳಿದಿಲ್ಲ, ಯಾವ ಲಕ್ಷಣ ಕಂಡರೆ ಕೂಡಲೇ ಬರಬೇಕು ಎಂದು ಊರಿನ ವೈದ್ಯರ ಹೆಸರಿಗೆ ಒಂದು ಪುಟದ ಪತ್ರ ಇರಲಿ. 2021ರಿಂದ ಕೇಂದ್ರ ಸರ್ಕಾರ ಕೊಡುತ್ತಿರುವ ಡಿಜಿಟಲ್ ಆರೋಗ್ಯ ಸಂಖ್ಯೆ ನನ್ನ ಬಳಿಯೂ ಇದೆ. ನನ್ನ ಒಂದು ಫಿಲ್ಮನ್ನೂ ಅದರಲ್ಲಿ ಯಾರೂ ಸೇರಿಸಿಲ್ಲ. ಚೀಲ ಇನ್ನೂ ಕೈಯಲ್ಲೇ ಇದೆ.

ಅಲ್ಲಿಯವರೆಗೆ ಬದುಕು ನಡೆಯಬೇಕಲ್ಲ. ಹಿಂಬದಿಗೆ ಪಟ್ಟಿಯಿರುವ ಸ್ಯಾಂಡಲ್ ಹಾಕಿಕೊಳ್ಳುತ್ತೇನೆ. ದಿಂಬಿನ ಪಕ್ಕ ಟಾರ್ಚ್ ಇದೆ. ಬಚ್ಚಲಿನ ಗೋಡೆಗೆ ಕಬ್ಬಿಣದ ಹಿಡಿ ಕೂರಿಸಿದ್ದೇವೆ. ಸ್ಟೀಲ್ ಲೋಟ ಬಿದ್ದರೆ ಒಡೆಯುವುದಿಲ್ಲವಾದ್ದರಿಂದ ಗಾಜಿನವು ಅಟ್ಟ ಸೇರಿವೆ. ಒಂದು ನೂರು ಪುಟದ ಪುಸ್ತಕದಲ್ಲಿ ದಿನಾಂಕ ಹಾಕಿ ಅಂದಂದಿನ ತೊಂದರೆ ಬರೆಯುತ್ತೇನೆ. ಬರೆಯತೊಡಗಿದ ಮೇಲೆ ತಿಳಿದ ಒಂದು ಸಂಗತಿಯೆಂದರೆ, ನಾನು ಅಂದುಕೊಂಡಿದ್ದಕ್ಕಿಂತ ಒಳ್ಳೆಯ ದಿನಗಳೇ ಹೆಚ್ಚಾಗಿದ್ದವು. ಆ ಪುಸ್ತಕವನ್ನು ಇಟ್ಟುಕೊಳ್ಳಲು ಹೇಳಿದವರು ಒಂಬತ್ತನೆಯವರು. ಸರ್ಕಾರಿ ಆಸ್ಪತ್ರೆಯ ಒಬ್ಬ ಕಿರಿಯ ವೈದ್ಯೆ. ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸು. ಚೀಲದಲ್ಲಿದ್ದದ್ದನ್ನೆಲ್ಲ ಮೇಜಿನ ಮೇಲೆ ಹರಡಿ ನೋಡಿ, ಕಣ್ಣು ಮುಚ್ಚಿಸಿ ನಿಲ್ಲಿಸಿ, ಕಾಲ್ಬೆರಳನ್ನು ಮೇಲೆ ಕೆಳಗೆ ಮಾಡಿ ಯಾವ ಕಡೆಗೆಂದು ಕೇಳಿ, ಕೊನೆಗೆ ‘ಸಾರ್, ನಿಮಗೆ ತೊಂದರೆ ಇರೋದು ನಿಜ. ಏನು ಅಂತ ನನಗೆ ಇನ್ನೂ ಗೊತ್ತಾಗಿಲ್ಲ. ಆರು ತಿಂಗಳು ಬಿಟ್ಟು ಬನ್ನಿ, ಮತ್ತೆ ಇದೇ ಪರೀಕ್ಷೆ ಮಾಡಿ ಹೋಲಿಸಿ ನೋಡ್ತೀನಿ’ ಎಂದರು. ಚೀಟಿಯಲ್ಲೂ ಅದನ್ನೇ ಬರೆದರು. ಮಾತ್ರೆ ಬರೆಯಲಿಲ್ಲ.

ಹೊರಗೆ ಬಂದಾಗ ಹೆಂಡತಿ ‘ಏನಂತೆ?’ ಎಂದಳು. ಗೊತ್ತಾಗಿಲ್ಲವಂತೆ ಎಂದೆ. ಅವಳು ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಹಾಗಾದರೆ ಮುಂದಿನ ತಾರೀಖು ಯಾವುದು ಎಂದು ಕೇಳಿದಳು. ನಾಟಿ ಮುಗಿದ ಮೇಲೆ ಬರುತ್ತದೆ. ಈ ಸಲ ಬದುವಿನ ಮೇಲೆ ಒಬ್ಬನೇ ಹೋಗುವುದಿಲ್ಲವೆಂದು ಅವಳಿಗೆ ಮಾತು ಕೊಟ್ಟಿದ್ದೇನೆ.